ಹಾಸನದ ಹೊಲದಲ್ಲಿ ತುರ್ತು ಭೂಸ್ಪರ್ಶ: ಕಾರ್ಬ್ಯುರೇಟರ್‌ನಲ್ಲಿ ಕಟ್ಟಿದ ಹಿಮದ ಒಂದು ಪ್ರಕರಣ ಅಧ್ಯಯನ

ಎರಡು ಆಸನಗಳ ತರಬೇತಿ ವಿಮಾನವೊಂದು ಹಾರಾಟದ ನಡುವೆ ಎಂಜಿನ್ ಶಕ್ತಿ ಕಳೆದುಕೊಂಡು ಹಾಸನ ಜಿಲ್ಲೆಯ ಪೂರ್ವಭಾಗದ ಹೊಲವೊಂದರಲ್ಲಿ ಇಳಿಯಬೇಕಾಗಿ ಬಂದ ಪ್ರಕರಣವಿದು. ವಿಮಾನದಲ್ಲಿದ್ದ ಬೋಧಕರು ಮತ್ತು ವಿದ್ಯಾರ್ಥಿ ಇಬ್ಬರೂ ಗಾಯವಿಲ್ಲದೆ ಹೊರಬಂದರು. ವಿಮಾನದ ಮುಂಗಾಲಿ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ಇಸವಿ, ನೋಂದಣಿ ಸಂಖ್ಯೆ, ತರಬೇತಿ ಸಂಸ್ಥೆ ಮತ್ತು ಹಳ್ಳಿಯ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ಅಪ್ರಧಾನ ವಿವರಗಳನ್ನು ಬದಲಿಸಲಾಗಿದೆ. ತಾಂತ್ರಿಕ ಸಂಗತಿಗಳನ್ನೂ ನಿರ್ಧಾರಗಳ ಕ್ರಮವನ್ನೂ ಇದ್ದಂತೆಯೇ ಉಳಿಸಿಕೊಳ್ಳಲಾಗಿದೆ, ಏಕೆಂದರೆ ಕಲಿಯಬೇಕಾದುದೆಲ್ಲ ಆ ಕ್ರಮದಲ್ಲಿಯೇ ಇದೆ.

ಹಿನ್ನೆಲೆ

ವಿಮಾನ ಸೆಸ್ನಾ 152 ಮಾದರಿಯದು. ರೆಕ್ಕೆ ಮೇಲ್ಗಡೆ, ನಾಲ್ಕು ಸಿಲಿಂಡರಿನ 110 ಅಶ್ವಶಕ್ತಿಯ ಎಂಜಿನ್, ಅಲಗುಗಳ ಕೋನ ಬದಲಾಗದ ಪ್ರೊಪೆಲ್ಲರ್, ಇಂಧನ ಪೂರೈಕೆ ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಮೂಲಕ. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಹಿಂದಿನ ರಾತ್ರಿ ಮಳೆ ಸುರಿದು ನಿಂತ ಮೇಲೆ, ಬೋಧಕರೂ ವಿದ್ಯಾರ್ಥಿಯೂ ದೂರ ಸಂಚಾರದ ಅಭ್ಯಾಸಕ್ಕಾಗಿ ಚಿಕ್ಕಮಗಳೂರಿನ ಕಡೆಗೆ ಹಾರಿ, ಬೇಲೂರಿನ ಮೇಲಿನಿಂದ ಪೂರ್ವಕ್ಕೆ ಮರಳುತ್ತಿದ್ದರು. ವಿದ್ಯಾರ್ಥಿಗೆ ಆ ಹೊತ್ತಿಗೆ ಒಂಟಿಯಾಗಿ ಹಾರಿದ ಅನುಭವವಿತ್ತು. ಹೊರಡುವ ಮುನ್ನ ರೆಕ್ಕೆಯ ಟ್ಯಾಂಕುಗಳ ಅಡಿಯಿಂದ ಇಂಧನ ಇಳಿಸಿ ನೋಡಿದ್ದರು. ನೀರಿನ ಅಂಶ ಇರಲಿಲ್ಲ. ಎಂಜಿನ್ ಪರೀಕ್ಷೆಯ ವೇಳೆ ಕಾರ್ಬ್ಯುರೇಟರ್ ಹೀಟ್ ಗುಂಡಿ ಎಳೆದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಎಂದಿನಂತೆ ಇಳಿದು, ಒತ್ತಿದಾಗ ಎಂದಿನಂತೆ ಮರಳಿತ್ತು.

ಈ ಗುಂಡಿಯ ಕೆಲಸವನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಕಾರ್ಬ್ಯುರೇಟರಿನ ಕಿರಿದಾದ ಕತ್ತಿನಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಅದೇ ಜಾಗದಲ್ಲಿ ಇಂಧನ ಆವಿಯಾಗಿ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣದಿಂದ, ಆದರೆ ಕಾರ್ಬ್ಯುರೇಟರಿನೊಳಗೆ ಇಳಿತ 20ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಲ್ಲದು. ಆದ್ದರಿಂದ ಹೊರಗಿನ ಉಷ್ಣತೆ 18 ಡಿಗ್ರಿ ಇದ್ದಾಗಲೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲಿನ ತಟ್ಟೆಯ ಸುತ್ತ ಹಿಮ ಕಟ್ಟುತ್ತದೆ. ಥ್ರಾಟಲ್ ಕಡಿಮೆ ತೆರೆದಿದ್ದಷ್ಟೂ ಅಪಾಯ ಹೆಚ್ಚು. ಇದನ್ನು ತಡೆಯಲು ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುವ ವ್ಯವಸ್ಥೆಯೇ ಕಾರ್ಬ್ಯುರೇಟರ್ ಹೀಟ್. ಶಾಖ ಬರುವುದು ಎಕ್ಸಾಸ್ಟಿನಿಂದ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಪ್ರಕರಣದ ಗಂಟು ಬಿಗಿಯುವುದು ಅಲ್ಲಿಯೇ.

ಹಿಮವೆಂದರೆ ಶೀತ ದೇಶದ ಪೈಲಟ್‌ಗಳ ತಲೆನೋವು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಆಳವಾಗಿದೆ. ಪರೀಕ್ಷೆಗೆ ಓದಿ ಅಂಕ ಪಡೆದವರೂ ಅದನ್ನು ಹಾಸನದ ಅಕ್ಟೋಬರಿನೊಂದಿಗೆ ಜೋಡಿಸಿ ನೋಡುವುದಿಲ್ಲ. ವಾಸ್ತವದಲ್ಲಿ ಮಲೆನಾಡಿನ ಅಂಚಿನ ಮಳೆಗಾಲ ಮತ್ತು ಅದರ ಬಾಲದ ದಿನಗಳು, ಹದವಾದ ಉಷ್ಣತೆ ಮತ್ತು ತುಂಬಿದ ತೇವದಿಂದಾಗಿ, ಈ ಹಿಮಕ್ಕೆ ಹೇಳಿ ಮಾಡಿಸಿದ ಕಾಲ.

ಸಮಸ್ಯೆ ಮೊಳೆತ ಬಗೆ

ಮರಳುವ ದಾರಿಯಲ್ಲಿ 7,500 ಅಡಿ ಎತ್ತರದಲ್ಲಿ ಹಾರುವುದೆಂದು ಯೋಜಿಸಿದ್ದರು. ಬೇಲೂರು ದಾಟುವಷ್ಟರಲ್ಲಿ ಮುಂದೆ ಮೋಡ ಕೆಳಗಿಳಿದಿತ್ತು, ಆದ್ದರಿಂದ 5,500 ಅಡಿಗೆ ಇಳಿಯಲು ಬೋಧಕರು ಸೂಚಿಸಿದರು. ವಿದ್ಯಾರ್ಥಿ ಥ್ರಾಟಲ್ ತಗ್ಗಿಸಿ, ಆರ್‌ಪಿಎಂ ಅನ್ನು ಸುಮಾರು 2,000ದಲ್ಲಿಟ್ಟು ನಿಧಾನವಾಗಿ ಇಳಿಸಿದ. ಆರ್‌ಪಿಎಂ ಸೂಚಕದ ಮುಳ್ಳು ಎಂದಿನ ವ್ಯಾಪ್ತಿ ತೋರುವ ಹಸಿರು ಪಟ್ಟಿಯಿಂದ ಕೆಳಕ್ಕೆ ಹೋದಾಗ ಮಾತ್ರ ಕಾರ್ಬ್ಯುರೇಟರ್ ಹೀಟ್ ಎಳೆಯಬೇಕು ಎಂದು ಅವನು ಕಲಿತಿದ್ದ. ಮುಳ್ಳು ಪಟ್ಟಿಯ ಒಳಗೇ ಇತ್ತು, ಎಳೆಯಲಿಲ್ಲ. ಮೋಡದ ಅಡಿಯಲ್ಲೇ, ಅಂದರೆ ತೇವ ಅತಿ ಹೆಚ್ಚಿರುವ ಪದರದಲ್ಲಿ, ಕಡಿಮೆ ಥ್ರಾಟಲಿನಲ್ಲಿ ಕೆಲವು ನಿಮಿಷ ಕಳೆದವು. ಹಿಮ ಕಟ್ಟಲು ತೊಡಗಿದ್ದು ಬಹುಶಃ ಈ ಇಳಿತದಲ್ಲಿ.

5,500 ಅಡಿಯಲ್ಲಿ ಮಟ್ಟ ಹಿಡಿದಾಗ ಥ್ರಾಟಲನ್ನು ಎಂದಿನ ಜಾಗಕ್ಕೆ ತಂದರೂ ಆರ್‌ಪಿಎಂ ಸುಮಾರು ನೂರು ಕಡಿಮೆ ಬಂತು. ವಿದ್ಯಾರ್ಥಿ ಥ್ರಾಟಲನ್ನು ತುಸು ಮುಂದೊತ್ತಿದ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಇಳಿಯಿತು, ಮತ್ತೆ ಒತ್ತಿದ. ಕೋನ ಬದಲಾಗದ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಕಾರ್ಬ್ಯುರೇಟರ್ ಹಿಮದ ಮೊದಲ ಲಕ್ಷಣ ಇದೇ: ಯಾರೂ ಮುಟ್ಟದೆ ಆರ್‌ಪಿಎಂ ಮೆಲ್ಲನೆ ಇಳಿಯುವುದು. ವಿದ್ಯಾರ್ಥಿ ಲಕ್ಷಣವನ್ನು ಗಮನಿಸಿದ್ದ, ಅದಕ್ಕೆ ಪ್ರತಿಕ್ರಿಯೆಯನ್ನೂ ತೋರಿದ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಬೋಧಕರ ಗಮನವೆಲ್ಲ ಮೋಡದ ಮೇಲೆ ಮತ್ತು ನಕ್ಷೆಯ ಮೇಲೆ ಇತ್ತು. ಪಕ್ಕದಲ್ಲಿ ಕುಳಿತ ಗುರುಗಳಿಗೆ ಕಾಣದೆ ಇದ್ದೀತೇ, ತಾನೇಕೆ ಹೇಳಬೇಕು ಎಂದುಕೊಂಡೆ ಎಂದು ವಿದ್ಯಾರ್ಥಿ ಆಮೇಲೆ ಹೇಳಿದ್ದಾನೆ. ನಮ್ಮ ಶಾಲೆಗಳಲ್ಲಿ ವಿನಯದ ಹೆಸರಿನಲ್ಲಿ ರೂಢಿಯಾಗುವ ಮೌನವನ್ನು ಬಲ್ಲವರಿಗೆ ಈ ಉತ್ತರದಿಂದ ಆಶ್ಚರ್ಯವಾಗದು. ವಿದ್ಯಾರ್ಥಿಯನ್ನು ದೂಷಿಸಿ ಮುಗಿಸುವ ವಿಷಯವೂ ಇದಲ್ಲ. ಹೇಳಬೇಕೆಂದು ಅವನಿಗೆ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ.

ಮಾಡಿದ ಪ್ರಯತ್ನ, ತಪ್ಪಿದ ಅವಕಾಶ

ಎಂಜಿನ್ ಸಣ್ಣಗೆ ನಡುಗಲು ತೊಡಗಿದಾಗ ಬೋಧಕರ ಗಮನ ಅತ್ತ ತಿರುಗಿತು. "ಥ್ರಾಟಲ್ ಮುಟ್ಟಿದೆಯೇನಪ್ಪಾ?" ಎಂದು ಕೇಳಿದರು. "ಹೌದು ಸರ್, ಆರ್‌ಪಿಎಂ ಇಳೀತಾನೇ ಇದೆ, ಎರಡು ಸಲ ಮುಂದಕ್ಕೆ ತಳ್ಳಿದೆ" ಎಂದ ವಿದ್ಯಾರ್ಥಿ. ಬೋಧಕರು "ಐ ಹ್ಯಾವ್ ಕಂಟ್ರೋಲ್" ಎಂದು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ಕಾರ್ಬ್ಯುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಎಳೆದರು. ರೋಗವನ್ನು ಅವರು ಸರಿಯಾಗಿಯೇ ಶಂಕಿಸಿದ್ದರು, ಮದ್ದೂ ಸರಿಯಾದದ್ದೇ. ಆದರೆ ಗುಂಡಿ ಎಳೆದ ಕೂಡಲೇ ಆರ್‌ಪಿಎಂ ಮತ್ತಷ್ಟು ಕುಸಿಯಿತು, ಎಂಜಿನ್ ವಿಮಾನವನ್ನೇ ಅಲುಗಾಡಿಸುವಂತೆ ಕೆಮ್ಮಿತು. ಕೆಲವೇ ಸೆಕೆಂಡುಗಳಲ್ಲಿ ಅವರು ಗುಂಡಿಯನ್ನು ಹಿಂದಕ್ಕೆ ಒತ್ತಿಬಿಟ್ಟರು. ನಡುಕ ತುಸು ಕಡಿಮೆಯಾಯಿತು. ಹೀಗಾಗಿ, ಹಿಮ ಅಲ್ಲ, ಬೇರೆ ಏನೋ ತೊಂದರೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಪ್ರಕರಣದ ಮೊದಲ ತಿರುವು ಇದು. ಬಿಸಿಗಾಳಿ ತೆಳುವಾದುದರಿಂದ ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚುತ್ತದೆ; ಜೊತೆಗೆ ಕರಗಿದ ಹಿಮದ ನೀರು ಸಿಲಿಂಡರುಗಳಿಗೆ ನುಗ್ಗುತ್ತದೆ. ಹಾಗಾಗಿ ಹಿಮ ನಿಜವಾಗಿಯೂ ಇದ್ದಾಗಲೇ ಎಂಜಿನ್ ಮೊದಲು ಕೆಡುತ್ತದೆ, ಆಮೇಲೆ ಸುಧಾರಿಸುತ್ತದೆ. ಮದ್ದು ತಾಗುತ್ತಿರುವುದರ ಗುರುತೇ ಆ ಕೆಮ್ಮು. ಅದನ್ನು ಸಹಿಸಿಕೊಂಡು ಕಾಯುವುದು ಪುಸ್ತಕದಲ್ಲಿ ಒಂದು ಸಾಲು. ಹಾರುತ್ತಿರುವ ವಿಮಾನದಲ್ಲಿ, ಕೈಯಲ್ಲಿರುವ ಗುಂಡಿಯೇ ಎಂಜಿನ್ನನ್ನು ಕೊಲ್ಲುತ್ತಿದೆ ಎಂದು ಕಣ್ಣು ಕಿವಿಗಳು ಹೇಳುತ್ತಿರುವಾಗ, ಅದು ಸುಲಭವಲ್ಲ. ಸಾವಿರಾರು ಗಂಟೆ ಹಾರಿದ ಬೋಧಕರಿಗೂ ನಿಜವಾದ ಹಿಮದ ಮೇಲೆ ಹೀಟ್ ಎಳೆದ ಅನುಭವ ಇಲ್ಲದಿರಬಹುದು. ಪ್ರತಿದಿನದ ನೆಲದ ಪರೀಕ್ಷೆಯಲ್ಲಿ ಅವರು ಕಂಡಿರುವುದು ಹಿಮವಿಲ್ಲದ ಕಾರ್ಬ್ಯುರೇಟರಿನ ಸಭ್ಯ ವರ್ತನೆಯನ್ನು ಮಾತ್ರ.

ಮುಂದಿನ ಒಂದೆರಡು ನಿಮಿಷ ಬೋಧಕರು ಉಳಿದ ಕಾರಣಗಳನ್ನು ಹುಡುಕಿದರು: ಇಂಧನದ ಕವಾಟ ತೆರೆದಿದೆ, ಮಿಶ್ರಣ ಪೂರ್ತಿ ರಿಚ್ (ಇಂಧನ ಹೆಚ್ಚಿರುವಂತೆ), ಚಾಲನೆಗೆ ಮುನ್ನ ಇಂಧನ ಊಡುವ ಪ್ರೈಮರ್ ಬೀಗದಲ್ಲಿದೆ, ಕಿಡಿ ಕೊಡುವ ಎರಡೂ ಮ್ಯಾಗ್ನೆಟೋ ಚಾಲೂ. ಅಷ್ಟರಲ್ಲಿ ಥ್ರಾಟಲ್ ಪೂರ್ತಿ ತೆರೆದಿದ್ದರೂ ಆರ್‌ಪಿಎಂ 1,500ರ ಆಸುಪಾಸಿಗೆ ಬಂತು. ಎರಡನೆಯ ಬಾರಿ ಕಾರ್ಬ್ಯುರೇಟರ್ ಹೀಟ್ ಎಳೆದರು, ಈ ಸಲ ಹಿಂದಕ್ಕೆ ಒತ್ತದೆ ಹಾಗೆಯೇ ಬಿಟ್ಟರು. ಆದರೆ ಈಗ ಎಂಜಿನ್ ಉತ್ಪಾದಿಸುತ್ತಿದ್ದ ಶಾಖವೇ ಅತ್ಯಲ್ಪ. ಎಕ್ಸಾಸ್ಟ್ ಬಿಸಿಯಾಗಿದ್ದಾಗ ಕರಗಿಸಬಹುದಾಗಿದ್ದ ಹಿಮವನ್ನು ತಣ್ಣಗಾಗುತ್ತಿರುವ ಎಕ್ಸಾಸ್ಟ್ ಕರಗಿಸಲಾರದು. ಮೊದಲ ಪ್ರಯತ್ನ ಮತ್ತು ಎರಡನೆಯ ಪ್ರಯತ್ನದ ನಡುವಿನ ಆ ಒಂದೆರಡು ನಿಮಿಷಗಳೊಂದಿಗೆ ಮದ್ದಿನ ಬಲವೂ ಹೋಗಿತ್ತು.

ನೆಲ ಎಷ್ಟು ದೂರ?

ಎತ್ತರ ತೋರುವ ಆಲ್ಟಿಮೀಟರ್ 5,500 ಅಡಿ ತೋರುತ್ತಿತ್ತು. ಅದು ಸಮುದ್ರಮಟ್ಟದಿಂದ ಲೆಕ್ಕ. ಹಾಸನದ ನೆಲವೇ ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆ. ಚಿಕ್ಕಮಗಳೂರು ಅದಕ್ಕಿಂತಲೂ ಎತ್ತರ. ಅಂದರೆ ಅವರ ಕೈಯಲ್ಲಿ ಇದ್ದದ್ದು ಸುಮಾರು 2,300 ಅಡಿ. ಈ ಮಾದರಿಯ ವಿಮಾನ ಎಂಜಿನ್ ಇಲ್ಲದೆ 60 ನಾಟ್ (ಗಂಟೆಗೆ ಸುಮಾರು 111 ಕಿಲೋಮೀಟರ್) ವೇಗದಲ್ಲಿ ಅತಿ ದೂರ ತೇಲುತ್ತದೆ, ಪ್ರತಿ ಸಾವಿರ ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿಯಂತೆ. ಲೆಕ್ಕ ಹಾಕಿದರೆ ಮೂರೂವರೆ ನಿಮಿಷಕ್ಕಿಂತ ಕಡಿಮೆ ಕಾಲ, ನೇರ ಹೋದರೆ ಆರು ಕಿಲೋಮೀಟರಿನಷ್ಟು ದೂರ. ತಿರುವುಗಳಿಗೆ, ಗಾಳಿಗೆ, ಹಿಂಜರಿಕೆಗೆ ಅದರಲ್ಲೇ ಪಾಲು ಕೊಡಬೇಕು. ವಿದ್ಯಾರ್ಥಿಯ ಮನಸ್ಸಿನಲ್ಲಿ ಇದ್ದದ್ದು ಐದೂವರೆ ಸಾವಿರವೆಂಬ ಅಂಕಿ. ನೆಲ ಅಷ್ಟು ಬೇಗ ಏರಿ ಬಂದದ್ದು ಅವನಿಗೆ ಅರ್ಥವೇ ಆಗಲಿಲ್ಲವಂತೆ.

ಬೋಧಕರ ಅತ್ಯುತ್ತಮ ನಿರ್ಧಾರಗಳು ಇಲ್ಲಿಂದ ಶುರುವಾಗುತ್ತವೆ. ವೇಗವನ್ನು 60 ನಾಟ್‌ಗೆ ತಂದು, ಮೂತಿಯನ್ನು ಪೂರ್ವಕ್ಕೇ ಇಟ್ಟರು. ಹಿಂದೆ, ಅಂದರೆ ಬೇಲೂರು ಮತ್ತು ಸಕಲೇಶಪುರದ ಕಡೆಗೆ, ಕಾಫಿ ತೋಟಗಳು. ಮೇಲಿನಿಂದ ಮೆತ್ತನೆಯ ಹಸಿರು ಹಾಸಿನಂತೆ ಕಾಣುವ ಅದರೊಳಗೆ ಸಿಲ್ವರ್ ಓಕ್ ಮರಗಳ ಕಾಂಡಗಳು ನಿಂತಿರುತ್ತವೆ. ಮುಂದೆ ಬಯಲುಸೀಮೆಯ ಹೊಲಗಳು. ಅಪಾಯ ಸಾರುವ ಮೇಡೇ ಕರೆ ಕೊಡುವ ಕೆಲಸವನ್ನು ವಿದ್ಯಾರ್ಥಿಗೆ ವಹಿಸಿದರು. ಅಷ್ಟು ಕೆಳಗಿನಿಂದ ನಿಯಂತ್ರಣ ಕೇಂದ್ರಕ್ಕೆ ಧ್ವನಿ ತಲುಪಲಿಲ್ಲ, ಮೇಲೆ ಹಾದುಹೋಗುತ್ತಿದ್ದ ಪ್ರಯಾಣಿಕ ವಿಮಾನವೊಂದು ತುರ್ತು ಕರೆಗಳ 121.5 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು ಮುಂದೆ ತಲುಪಿಸಿತು.

ಎಲ್ಲಿ ಇಳಿಯುವುದು ಎಂಬ ಪ್ರಶ್ನೆಗೆ ಎದುರಿಗೆ ಹಲವು ಉತ್ತರಗಳಿದ್ದವು, ಹೆಚ್ಚಿನವು ಮೋಸದವು. ಹಾಸನದ ಬಳಿಯ ಬೂವನಹಳ್ಳಿಯ ವಿಮಾನ ನಿಲ್ದಾಣದ ಜಾಗ ವಿದ್ಯಾರ್ಥಿಗೆ ನೆನಪಾಯಿತು, ಆದರೆ ಅದು ತೇಲುವ ದೂರದ ಆಚೆಗಿತ್ತು, ಓಡುದಾರಿ ಆಗ ಬಳಕೆಗೂ ಬಂದಿರಲಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ ಅಗಲವಾಗಿ, ನೇರವಾಗಿ ಕಾಣುತ್ತಿತ್ತು; ಅದರ ಮೇಲೆ ಲಾರಿಗಳು, ನಡುವೆ ವಿಭಜಕ, ಅಡ್ಡಲಾಗಿ ವಿದ್ಯುತ್ ತಂತಿಗಳು. ಬೇಸಿಗೆಯಲ್ಲಾದರೆ ಬತ್ತಿದ ಕೆರೆಯಂಗಳ ಒಳ್ಳೆಯ ಆಯ್ಕೆ, ಅಕ್ಟೋಬರಿನಲ್ಲಿ ಕೆರೆಗಳು ತುಂಬಿದ್ದವು. ರಾಗಿ ತೆನೆಯೊಡೆದು ನಿಂತಿತ್ತು. ಎತ್ತರದ ಪೈರು ಚಕ್ರಗಳನ್ನು ಹಿಡಿದು ವಿಮಾನವನ್ನು ಮಗುಚಬಲ್ಲದು. ಶುಂಠಿಯ ಏರುಮಡಿಗಳ ಮೇಲೆ ಅಡ್ಡಲಾಗಿ ಇಳಿದರೆ ಮುಂಗಾಲಿ ಮೊದಲ ಮಡಿಯಲ್ಲೇ ಉಳಿಯದು. ಉಳಿದದ್ದು ಆಲೂಗೆಡ್ಡೆ ಕಿತ್ತಾದ ಒಂದು ಉದ್ದನೆಯ ಹೊಲ. ಮಣ್ಣು ಸಡಿಲವಾಗಿತ್ತು, ಮಳೆಗೆ ನೆನೆದಿತ್ತು, ಆದರೆ ಎದುರು ಅಡ್ಡಿ ಇರಲಿಲ್ಲ, ಸಾಲುಗಳು ಉದ್ದಕ್ಕೆ ಸಾಗಿದ್ದವು.

ಗಾಳಿಯ ದಿಕ್ಕನ್ನು ಅವರು ಕೆರೆಯಿಂದ ಓದಿದರು. ಕೆರೆಯ ಪೂರ್ವದಂಡೆಯ ನೀರು ನಿಶ್ಚಲ, ಪಶ್ಚಿಮದ ಕಡೆ ಸಣ್ಣ ಅಲೆ. ಗಾಳಿ ಬರುವ ಕಡೆಯ ದಂಡೆ ಮರೆಯಾಗಿ ಅಲ್ಲಿ ನೀರು ಶಾಂತವಾಗಿರುತ್ತದೆ, ಆದ್ದರಿಂದ ಗಾಳಿ ಪೂರ್ವದ್ದು. ಹೊಲದ ಉದ್ದವೂ ಹೆಚ್ಚುಕಡಿಮೆ ಅದೇ ದಿಕ್ಕಿಗಿತ್ತು. ಊರೂರಿಗೂ ಕೆರೆಯಿರುವ ಈ ಸೀಮೆಯಲ್ಲಿ ಹಾರುವವರಿಗೆ ಇದಕ್ಕಿಂತ ಒಳ್ಳೆಯ ಗಾಳಿಸೂಚಕ ಸಿಗದು, ಆದರೂ ಇದನ್ನು ಕಲಿಸುವವರು ಕಡಿಮೆ.

ಎಂಜಿನ್ ಮರಳಿ ಬಂದ ಕ್ಷಣ

ನೆಲದಿಂದ ಸುಮಾರು 900 ಅಡಿ ಎತ್ತರದಲ್ಲಿ, ಹೊಲದ ಪಕ್ಕದಿಂದ ಸುತ್ತಿ ಬರುತ್ತಿರುವಾಗ, ಎಂಜಿನ್ ಇದ್ದಕ್ಕಿದ್ದಂತೆ ಚೇತರಿಸಿಕೊಂಡು 2,000 ಆರ್‌ಪಿಎಂ ದಾಟಿತು. "ಸರ್, ಬಂತು ಸರ್, ಎಂಜಿನ್ ಬಂತು!" ಎಂದ ವಿದ್ಯಾರ್ಥಿ. "ಬಂದ್ರೆ ಬರಲಿ ಬಿಡು. ಹೊಲ ಬಿಡೋದು ಬೇಡ" ಎಂದರು ಬೋಧಕರು.

ಈ ಪ್ರಕರಣದಲ್ಲಿ ಎರಡು ಜೀವಗಳನ್ನು ಉಳಿಸಿದ ಮಾತು ಇದೇ ಎಂದು ನನ್ನ ಅಭಿಪ್ರಾಯ. ಎಂಜಿನ್ ಪೂರ್ತಿ ನಿಂತುಹೋದರೆ ಪೈಲಟ್‌ಗೆ ಆಯ್ಕೆಯೇ ಇರುವುದಿಲ್ಲ, ಇಳಿಯಲೇಬೇಕು. ಅರ್ಧಂಬರ್ಧ ನಡೆಯುವ ಎಂಜಿನ್ ಆಸೆ ಹುಟ್ಟಿಸುತ್ತದೆ: ಇನ್ನೊಂದು ಸ್ವಲ್ಪ ಏರಬಹುದು, ಇನ್ನೂ ಒಳ್ಳೆಯ ಜಾಗಕ್ಕೆ ಹೋಗಬಹುದು, ವಿಮಾನ ನಿಲ್ದಾಣದವರೆಗೂ ಮುಟ್ಟಬಹುದು. ಒಂದೇ ಎಂಜಿನಿನ ವಿಮಾನಗಳು ನೆಲ ಬಿಡುವಾಗ ಮತ್ತು ಬಿಟ್ಟ ಕೂಡಲೇ ಶಕ್ತಿ ಕಳೆದುಕೊಂಡ ಘಟನೆಗಳನ್ನು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2000ದಿಂದ 2010ರವರೆಗಿನ ಅವಧಿಗೆ ಪರಿಶೀಲಿಸಿತ್ತು. ಭಾಗಶಃ ಶಕ್ತಿ ಕಳೆದುಕೊಂಡವು 242, ಎಂಜಿನ್ ಪೂರ್ತಿ ನಿಂತವು 75. ಸಾವು ಸಂಭವಿಸಿದ ಒಂಬತ್ತೂ ಘಟನೆಗಳು ಮೊದಲ ಗುಂಪಿನವು. ಹಾಸನದ ಈ ಘಟನೆ ನೆಲ ಬಿಟ್ಟ ಕೂಡಲೇ ನಡೆದದ್ದಲ್ಲ, ಆದರೆ ಮನಸ್ಸನ್ನು ಸೆಳೆಯುವ ಬಲೆ ಒಂದೇ. ಬೋಧಕರು ಹೊಲವನ್ನು ಬಿಟ್ಟು ಏರಲು ಹೊರಟಿದ್ದರೆ, ಹೆಚ್ಚೆಂದರೆ ಇನ್ನೂರು ಅಡಿ ಏರಿ, ತೆಂಗಿನ ತೋಟಗಳ ಮೇಲೆ ಮತ್ತೆ ಎಂಜಿನ್ ಕಳೆದುಕೊಳ್ಳುತ್ತಿದ್ದರು. ಏಕೆಂದರೆ ಕೆಲವೇ ಸೆಕೆಂಡುಗಳಲ್ಲಿ ಅದು ಮತ್ತೆ ಕುಸಿಯಿತು.

ಕೊನೆಯ ಹಂತದಲ್ಲಿ ಹೊಲದ ಈಚೆ ಅಂಚಿನಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ ಲೈನು ಇರುವುದು ಗೊತ್ತಾಯಿತು. ತಂತಿ ಕಾಣಲಿಲ್ಲ, ಕಂಬಗಳು ಕಂಡವು. ಗುರಿಯನ್ನು ಹೊಲದ ಅಂಚಿಗೆ ಇಡದೆ ಮೂರನೆಯ ಒಂದು ಭಾಗದಷ್ಟು ಒಳಗೆ ಇಟ್ಟಿದ್ದರಿಂದ ದಾಟಲು ಎತ್ತರ ಉಳಿದಿತ್ತು. ದಾಟಿದ ಮೇಲಷ್ಟೇ, ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಫ್ಲ್ಯಾಪ್‌ಗಳನ್ನು ಪೂರ್ತಿ ಇಳಿಸಿದರು. ಇಂಧನ, ಮ್ಯಾಗ್ನೆಟೋ, ಮಾಸ್ಟರ್ ಸ್ವಿಚ್ ಆರಿಸಿ, ಬಾಗಿಲು ಜಾಮ್ ಆಗದಿರಲೆಂದು ಚಿಲಕ ತೆಗೆದಿಟ್ಟುಕೊಂಡು, ಮೂತಿಯನ್ನು ಸಾಧ್ಯವಾದಷ್ಟು ಎತ್ತಿ ಹಿಡಿದು ನೆಲ ಮುಟ್ಟಿಸಿದರು. ವೇಗ ಬಹಳಷ್ಟು ಕಳೆದ ಮೇಲೆ ಮುಂಗಾಲಿ ಸಡಿಲ ಮಣ್ಣಿನಲ್ಲಿ ಹೂತು ಮುರಿಯಿತು. ವಿಮಾನ ಮಗುಚಲಿಲ್ಲ.

ತನಿಖೆ ಕಂಡದ್ದು

ಓಡಿ ಬಂದ ರೈತರಲ್ಲೊಬ್ಬರು ಕೇಳಿದ ಮೊದಲ ಪ್ರಶ್ನೆ "ಎಣ್ಣೆ ಖಾಲಿಯಾಗಿತ್ತಾ ಸ್ವಾಮಿ?" ಎಂಬುದು. ಸುದ್ದಿಯಲ್ಲಿ ಬಂದದ್ದು ತಾಂತ್ರಿಕ ದೋಷ ಎಂದು. ಎರಡೂ ಅಲ್ಲ. ಟ್ಯಾಂಕಿನಲ್ಲಿ ಸಾಕಷ್ಟು ಇಂಧನವಿತ್ತು, ಮಾದರಿಗಳು ಶುದ್ಧವಾಗಿದ್ದವು. ಕಾರ್ಬ್ಯುರೇಟರ್ ಹೀಟಿನ ಕೇಬಲ್ ಮತ್ತು ಕವಾಟ ಸರಿಯಾಗಿ ಚಲಿಸುತ್ತಿದ್ದವು. ಬೇರೆ ಪ್ರೊಪೆಲ್ಲರ್ ಹಾಕಿ ಓಡಿಸಿದಾಗ ಎಂಜಿನ್ ಯಾವ ತಕರಾರೂ ಇಲ್ಲದೆ ಓಡಿತು. ಹಿಮದ ಪ್ರಕರಣಗಳ ಕಷ್ಟವೇ ಇದು: ಎಂಜಿನಿಯರುಗಳು ಸ್ಥಳ ತಲುಪುವ ಹೊತ್ತಿಗೆ ಸಾಕ್ಷ್ಯ ಕರಗಿ ಹೋಗಿರುತ್ತದೆ. ಉಳಿದದ್ದು ಪರೋಕ್ಷ ಗುರುತುಗಳು. ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕಪ್ಪು ಮಸಿ ಕಟ್ಟಿತ್ತು. ಗಾಳಿಯ ದಾರಿ ಮುಚ್ಚಿಕೊಂಡು ಮಿಶ್ರಣದಲ್ಲಿ ಇಂಧನ ಹೆಚ್ಚಾದರೆ ಹೀಗಾಗುತ್ತದೆ. ಹತ್ತಿರದ ಹವಾಮಾನ ಕೇಂದ್ರದ ದಾಖಲೆಯಲ್ಲಿ ಉಷ್ಣತೆ ಮತ್ತು ಇಬ್ಬನಿ ಬಿಂದುವಿನ (ಗಾಳಿಯ ತೇವ ನೀರಾಗತೊಡಗುವ ಉಷ್ಣತೆಯ) ನಡುವಿನ ಅಂತರ ಬಹಳ ಕಡಿಮೆಯಿತ್ತು. ಇವುಗಳಿಗೆ ಇಬ್ಬರ ಹೇಳಿಕೆ ಸೇರಿದಾಗ ಕಾರ್ಬ್ಯುರೇಟರ್ ಹಿಮವೇ ಅತ್ಯಂತ ಸಂಭವನೀಯ ಕಾರಣವೆಂದು ನಿಂತಿತು. ಹೇಳಿಕೆಗಳು ಮುಚ್ಚುಮರೆಯಿಲ್ಲದೆ ಬಂದದ್ದು ದೊಡ್ಡ ವಿಷಯ. ನಮ್ಮ ದೇಶದ ವಿಮಾನ ಅಪಘಾತ ತನಿಖಾ ನಿಯಮಗಳೂ ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ (ಶಿಕಾಗೋ) ಒಪ್ಪಂದದ 13ನೆಯ ಅನುಬಂಧವೂ ತನಿಖೆಯ ಉದ್ದೇಶ ಮರುಕಳಿಕೆ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎನ್ನುತ್ತವೆ. ಗುಂಡಿಯನ್ನು ಕೆಲವೇ ಸೆಕೆಂಡುಗಳಲ್ಲಿ ಹಿಂದಕ್ಕೆ ಒತ್ತಿದೆ ಎಂದು ಬೋಧಕರು ತಾವಾಗಿ ಹೇಳದಿದ್ದರೆ, ಈ ಪ್ರಕರಣದಿಂದ ಕಲಿಯಲು ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಸಂಸ್ಥೆಯಲ್ಲಿ ಆದ ಬದಲಾವಣೆಗಳು ಸಣ್ಣವು. ಹಾರಾಟದ ಯೋಜನಾ ಹಾಳೆಯಲ್ಲಿ ನೆಲದಿಂದ ಎತ್ತರ ಎಂಬ ಕಾಲಂ ಸೇರಿತು. ಪಶ್ಚಿಮಘಟ್ಟದ ಅಂಚಿಗೆ ಹೋಗುವಾಗ ಆ ಅಂಕಿ ಎಷ್ಟು ಚಿಕ್ಕದಾಗುತ್ತದೆಂದು ವಿದ್ಯಾರ್ಥಿಗಳು ಹೊರಡುವ ಮುನ್ನವೇ ನೋಡುತ್ತಾರೆ. ಥ್ರಾಟಲ್ ಮುಟ್ಟದೆ ಆರ್‌ಪಿಎಂ 50ರಷ್ಟು ಬದಲಾದರೂ ಹಾರಿಸುತ್ತಿರುವವರು ಗಟ್ಟಿಯಾಗಿ ಹೇಳಲೇಬೇಕು, ಬೋಧಕರಿಗೆ ಕಂಡಿರಲಿ ಬಿಡಲಿ. ತೇವದ ದಿನಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾರ್ಬ್ಯುರೇಟರ್ ಹೀಟ್ ಪೂರ್ತಿ ಎಳೆದು ಕನಿಷ್ಠ 15 ಸೆಕೆಂಡು ಹಿಡಿಯಬೇಕು. ಎಂಜಿನ್ ಕೆಮ್ಮಿದರೆ ಅದು ಸುಧಾರಿಸುವವರೆಗೂ ಹಿಡಿಯಬೇಕು. ಇಳಿತದಲ್ಲಿ ಹಸಿರು ಪಟ್ಟಿ ನೋಡದೆ, ಥ್ರಾಟಲ್ ತಗ್ಗಿಸುವ ಮೊದಲೇ ಎಳೆಯಬೇಕು.

ಒಂದು ವಿಷಯದಲ್ಲಿ ಮಾತ್ರ ಬೋಧಕರಲ್ಲಿ ಒಮ್ಮತ ಮೂಡಲಿಲ್ಲ. ಮಳೆಗಾಲದಲ್ಲಿ ನೆಲದ ಮೇಲೆ ಓಡುವಾಗಲೂ ಹೀಟ್ ಬಳಸೋಣ ಎಂದು ಕೆಲವರು ವಾದಿಸಿದರು. ಹೀಟಿನ ಗಾಳಿ ಫಿಲ್ಟರನ್ನು ಹಾದು ಬರುವುದಿಲ್ಲ, ಆದ್ದರಿಂದ ದೂಳಿನ ಓಡುದಾರಿಯಲ್ಲಿ ಅದನ್ನು ಎಳೆದಿಟ್ಟರೆ ಸಿಲಿಂಡರುಗಳು ಸವೆಯುತ್ತವೆ ಎಂದು ಎಂಜಿನಿಯರುಗಳು ಒಪ್ಪಲಿಲ್ಲ. ಕೊನೆಗೆ ನೆಲದ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾತ್ರ ಮಾಡುವುದು, ಓಡುದಾರಿಗೆ ಹೋಗುವ ಮುನ್ನ ಮತ್ತೊಮ್ಮೆ ಎಳೆದು ನೋಡುವುದು, ಏರುವಾಗ ಒತ್ತಿಯೇ ಇಡುವುದು ಎಂದು ನಿಂತಿತು.